ನಾಟಕದ ಮನೆ ಯಾರದು?

(ಆರ್.ಟಿ. ನಗರದಲ್ಲಿ ಸೇರಿದ್ದ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ಈ ಬಡಾವಣೆಗೆ ಒಂದು ನಾಟಕದ ಮನೆ ಬೇಕೆಂಬ ಮಾತಿಗೆ ನಾವೆಲ್ಲ ಇಂದು ಸೇರಿದ್ದೇವೆ. ಪಾಳಿ ಮುಗಿಸಿ ನೇರವಾಗಿ ಬಂದವರಿದ್ದೀರಿ, ಅಂಗಡಿಯ ಬಾಗಿಲು ಒಂದು ಗಂಟೆ ಮುಂಚೆ ಎಳೆದು ಬಂದವರಿದ್ದೀರಿ. ಬೇಕೇ ಬೇಡವೇ ಎಂಬ ಚರ್ಚೆ ಉಳಿದಿಲ್ಲ. ಉಳಿದಿರುವುದು ಹಣದ ಪ್ರಶ್ನೆ. ನನಗಿಂತ ಮುಂಚೆ ಮಾತಾಡಿದ ಹಿರಿಯರು, "ಒಬ್ಬ ದೊಡ್ಡ ದಾನಿ ಸಿಕ್ಕಿಬಿಟ್ಟರೆ ಕೆಲಸ ಸಲೀಸು; ಮನೆ ಮನೆ ಅಲೆದು ನೂರು ಇನ್ನೂರು ಎತ್ತುವ ಫಜೀತಿ ಏಕೆ?" ಎಂದು ಕೇಳಿದರು. ಅವರ ಕಳಕಳಿ ದೊಡ್ಡದು. ಆದರೆ ಆ ಮಾತನ್ನು ನಾನು ಒಪ್ಪಲಾರೆ. ಏಕೆ ಒಪ್ಪಲಾರೆ ಎಂಬುದನ್ನು ಹೇಳಿ ಕೂರುತ್ತೇನೆ.

ನಮ್ಮ ಬಡಾವಣೆಯ ಪೂರ್ಣ ಹೆಸರು ರವೀಂದ್ರನಾಥ ಟಾಗೋರ್ ನಗರ. ಎರಡಕ್ಷರಕ್ಕೆ ಮೊಟಕು ಮಾಡಿಕೊಂಡ ಮೇಲೆ ಆ ಮಹಾನುಭಾವರನ್ನು ನಾವು ನೆನೆಯುವುದು ಕಡಿಮೆ. ಅವರು ಕವಿಗಳು ಮಾತ್ರವಲ್ಲ, ನಾಟಕ ಬರೆದವರು, ಆಡಿಸಿದವರು, ತಾವೇ ಬಣ್ಣ ಹಚ್ಚಿ ಆಡಿದವರು. ಅದಕ್ಕಿಂತ ಮುಖ್ಯವಾಗಿ, ನಾಟಕ ಆಡಿ ಹಣ ಎತ್ತಿದವರು. 1936ರಲ್ಲಿ, 75ರ ಅಂಚಿನಲ್ಲಿದ್ದ ಅವರು ತಮ್ಮ ವಿಶ್ವಭಾರತಿಯ ಸಾಲದ ಹೊರೆ ಇಳಿಸಲು ತಂಡ ಕಟ್ಟಿಕೊಂಡು ಉತ್ತರ ಹಿಂದೂಸ್ಥಾನದ ಊರೂರು ತಿರುಗುತ್ತಿದ್ದರು. ದೆಹಲಿಗೆ ಬಂದಾಗ ಅದನ್ನು ಕಂಡು ಗಾಂಧೀಜಿ ನೊಂದುಕೊಂಡರು. ಈ ವಯಸ್ಸಿನಲ್ಲಿ ಈ ಅಲೆದಾಟ ಬೇಡವೆಂದು 60,000 ರೂಪಾಯಿ ಹೊಂದಿಸಿ ಕೊಡಿಸಿದರು. ಹಣ ಕೊಟ್ಟ ಸಾಹುಕಾರರು ಆಗ ತಮ್ಮ ಹೆಸರು ಹೇಳಿಕೊಳ್ಳಲಿಲ್ಲ. ದಾನವೆಂದರೆ ಹಾಗಿರಬೇಕು, ನಿಜ.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಅಂಥ ದಾನವೂ ಆ ವರ್ಷದ ಸಾಲವನ್ನು ತೀರಿಸಿತೇ ಹೊರತು ಸಂಸ್ಥೆಯ ನಾಳಿನ ಚಿಂತೆಯನ್ನು ನೀಗಲಿಲ್ಲ. ವಿಶ್ವಭಾರತಿಗೆ ಕಾಯಮ್ಮಾದ ಆಸರೆ ದೊರೆತದ್ದು 1951ರಲ್ಲಿ, ಪಾರ್ಲಿಮೆಂಟು ಕಾನೂನು ಮಾಡಿ ಅದನ್ನು ಕೇಂದ್ರ ವಿಶ್ವವಿದ್ಯಾಲಯವನ್ನಾಗಿ ಮಾಡಿದ ಮೇಲೆ; ಎಂದರೆ ಈ ದೇಶದ ಜನರ ಖಜಾನೆಯಿಂದ. ಗಾಂಧೀಜಿಯೇ ನಿಂತು ಕೊಡಿಸಿದ ದಾನದ ಮಿತಿ ಅಷ್ಟಾದರೆ ನಮಗೆ ಸಿಗಬಹುದಾದ ದಾನದ ಮಿತಿ ಎಷ್ಟೆಂದು ನೀವೇ ಊಹಿಸಿ.

ಇನ್ನು ನಮ್ಮ ಕನ್ನಡ ನಾಡಿಗೆ ಬನ್ನಿ. 1884ರಲ್ಲಿ ಗುಬ್ಬಿಯೆಂಬ ಸಣ್ಣ ಪೇಟೆಯಲ್ಲಿ ಹುಟ್ಟಿದ ನಾಟಕ ಕಂಪನಿ ದಶಕಗಟ್ಟಲೆ ಬಾಳಿತು. ಗುಬ್ಬಿ ವೀರಣ್ಣನವರ ಕಾಲದಲ್ಲಿ, 1934ರ 'ಕುರುಕ್ಷೇತ್ರ'ದಲ್ಲಿ, ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಆ ಆನೆಗೆ ಮೇವು ಹಾಕಿದವರು ಯಾರು? ನೆಲದ ಮೇಲೆ ಕೂತು ನೋಡಿದ ರೈತರು, ಗಾಡಿಯವರು, ಸಂತೆ ವ್ಯಾಪಾರಿಗಳು. ಅವರ ಟಿಕೆಟ್ಟಿನ ಕಾಸು. ಇಂದಿಗೂ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳು ಡೇರೆ ಹಾಕುವುದು ಆ ಕಾಸನ್ನೇ ನಂಬಿ. ಇನ್ನೊಂದು ಸಂಗತಿಯನ್ನೂ ಮರೆಯಕೂಡದು. ಊರಿನ ಶಾಲೆಗೆ ಕಟ್ಟಡವಿಲ್ಲ, ವಿದ್ಯಾರ್ಥಿನಿಲಯಕ್ಕೆ ಅಕ್ಕಿಯಿಲ್ಲ ಎಂದಾಗ ಕಂಪನಿಗಳು ಸಹಾಯಾರ್ಥ ನಾಟಕ ಆಡಿ ಅಂದಿನ ಉತ್ಪನ್ನವನ್ನು ಒಪ್ಪಿಸಿ ಹೋದವು. ಆದುದರಿಂದ ನಾಟಕದವರು ಸದಾ ಕೈಯೊಡ್ಡುವವರೆಂದು ಯಾರೂ ಭಾವಿಸಬೇಡಿ. ಊರಿಗೆ ಕೊಟ್ಟ ಕಲೆ ಅದು. ಈಗ ನಾವು ತೀರಿಸಬೇಕಾದ್ದು ಹಳೆಯ ಬಾಕಿ.

ಹೆಗ್ಗೋಡಿನ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಾಗರ ತಾಲ್ಲೂಕಿನ ಅಡಿಕೆ ತೋಟಗಳ ನಡುವಿನ ಹಳ್ಳಿ ಅದು. 1951ರ ಕಾಗೋಡು ಸತ್ಯಾಗ್ರಹದ ನೆಲ ಅಲ್ಲಿಗೆ ದೂರವಲ್ಲ. ಶಾಂತವೇರಿ ಗೋಪಾಲಗೌಡರು ಓಡಾಡಿದ ಸೀಮೆ. ಅಲ್ಲಿ 1949ರಲ್ಲಿ ಊರಿನ ಗೆಳೆಯರು ಸೇರಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದರು. ಅದೇ ನೀನಾಸಂ. ಕೆ.ವಿ. ಸುಬ್ಬಣ್ಣನವರು ಅದರ ಬೆನ್ನೆಲುಬು. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರವಾಯಿತು, 1980ರಲ್ಲಿ ನಾಟಕ ಶಾಲೆಯಾಯಿತು. ಆ ದಶಕದಲ್ಲಿ ಅಮೆರಿಕದ ಫೋರ್ಡ್ ಫೌಂಡೇಶನ್ನಿನ ನೆರವು ಬಂದು, ಹಳ್ಳಿ ಹಳ್ಳಿಗಳಲ್ಲಿ ನಾಟಕ, ಸಿನಿಮಾ ಶಿಬಿರಗಳು ನಡೆದವು. ಎಲ್ಲ ಅನುದಾನಕ್ಕೂ ಇರುವಂತೆ ಅದಕ್ಕೂ ಒಂದು ಕೊನೆಯ ದಿನಾಂಕವಿತ್ತು, ಬಂತು, ಮುಗಿಯಿತು. ಆದರೆ 1985ರಲ್ಲಿ ಹೊರಟ 'ತಿರುಗಾಟ' ನಿಲ್ಲಲಿಲ್ಲ. ಹೇಗೆ ನಿಲ್ಲಲಿಲ್ಲ? ಪ್ರತಿ ಊರಿನಲ್ಲೂ ಒಂದು ಸಂಘ, ಒಬ್ಬ ಮೇಷ್ಟರು, ನಾಲ್ಕು ಜನ ಅಂಗಡಿಯವರು ಸೇರಿ ಪ್ರದರ್ಶನದ ಹಣ ಹೊಂದಿಸಿ, ಟಿಕೆಟ್ಟು ಮಾರಿ, ತಂಡಕ್ಕೆ ಊಟ ಹಾಕಿ ಕಳಿಸುತ್ತಾರೆ. ಸಾಗರದಾಚೆಯ ದೊಡ್ಡ ದಾನಿಗಿಂತ ಇವರು ಗಟ್ಟಿ.

ದಾನಿಗಳ ಪೈಕಿ ಮಠಗಳನ್ನೂ ನಾವು ಎಣಿಸಬೇಕು. ನಮ್ಮ ಆರ್.ಟಿ. ನಗರದಲ್ಲೇ ಇರುವ ತರಳಬಾಳು ಕೇಂದ್ರ ಸಿರಿಗೆರೆ ಮಠಕ್ಕೆ ಸೇರಿದ್ದು. ಅದೇ ಮಠದ ಶಾಖೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿದೆ. ಅಲ್ಲಿ ಪಂಡಿತಾರಾಧ್ಯ ಸ್ವಾಮಿಗಳು 1987ರಲ್ಲಿ ಕಲಾಸಂಘ ಕಟ್ಟಿದರು. 1997ರಿಂದ 'ಶಿವಸಂಚಾರ'ದ ತಂಡ ವರ್ಷಕ್ಕೆ ಮೂರು ನಾಟಕ ಹೊತ್ತು ನಾಡು ಸುತ್ತುತ್ತಿದೆ. ಜಾತಿ ಮಠಗಳ ಹಣದ ಬಗ್ಗೆ ನಮ್ಮ ಪಕ್ಷ ಸದಾ ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ನಾನು ಕೈಬಿಟ್ಟಿಲ್ಲ. ಆದರೂ ಭಕ್ತರ ಕಾಣಿಕೆ ಕಲ್ಯಾಣಮಂಟಪಕ್ಕೆ ಹೋಗುವ ಬದಲು ಕಲಾವಿದನ ಸಂಬಳಕ್ಕೆ ಹೋದರೆ ಅದನ್ನು ಮೆಚ್ಚದಿರುವುದು ಸಣ್ಣತನ. ಕೇಳಬೇಕಾದ ಪ್ರಶ್ನೆ ಒಂದೇ: ಆ ರಂಗದ ಮೇಲೆ ಕೊಟ್ಟವನನ್ನೂ ಪ್ರಶ್ನಿಸುವ ನಾಟಕಕ್ಕೆ ಜಾಗವಿದೆಯೇ? ಈ ಪ್ರಶ್ನೆಯನ್ನು ಮಠಕ್ಕೂ ಕೇಳೋಣ, ಕಂಪನಿಗೂ ಕೇಳೋಣ, ಸರ್ಕಾರಕ್ಕೂ ಕೇಳೋಣ.

ಬೆಂಗಳೂರಿನ ದಕ್ಷಿಣದ ತುದಿಯಲ್ಲಿ, ಜೆ.ಪಿ. ನಗರದಲ್ಲಿ, ರಂಗಶಂಕರವಿದೆ. ಶಂಕರ್‌ನಾಗ್ ತೀರಿಕೊಂಡದ್ದು 1990ರಲ್ಲಿ. ಅವರು ಕಂಡ ಕನಸಿನ ಆ ಮನೆಯ ಬಾಗಿಲು ತೆರೆದದ್ದು 2004ರಲ್ಲಿ. ಅರುಂಧತಿ ನಾಗ್ ಮತ್ತು ಗೆಳೆಯರು ಅಷ್ಟು ವರ್ಷ ಅಲೆದರು. ಸರ್ಕಾರ ಜಾಗ ಕೊಟ್ಟಿತು. ಸಂಸ್ಥೆಗಳೂ ವ್ಯಕ್ತಿಗಳೂ ಹಣ ಕೊಟ್ಟರು. ಅದರಿಂದ ಕಲಿಯಬೇಕಾದ ಮಾತೆಂದರೆ, ಕಟ್ಟಿದ ಮೇಲೆ ಅದನ್ನು ಮದುವೆಗೆ ಬಾಡಿಗೆಗೆ ಬಿಡಲಿಲ್ಲ. ನಾಟಕಕ್ಕೇ ಇಟ್ಟರು, ಬಡ ತಂಡಗಳ ಕೈಗೆಟುಕುವಂತೆ ಬಾಡಿಗೆ ಇಟ್ಟರು. ಹೆಬ್ಬಾಳ, ಯಲಹಂಕ, ಯಶವಂತಪುರದ ದುಡಿಯುವ ಜನ ಅಲ್ಲಿಗೆ ಹೋಗಿ ನಾಟಕ ನೋಡಿ ಎರಡು ಬಸ್ಸು ಬದಲಿಸಿ ಮನೆ ಸೇರುವ ಹೊತ್ತಿಗೆ ಬೆಳಗಿನ ಪಾಳಿಯ ಗಂಟೆ ಹತ್ತಿರವಾಗಿರುತ್ತದೆ. ನಮ್ಮ ಕಡೆಯೂ ಒಂದು ಮನೆ ಬೇಕೆನ್ನುವುದು ಅದಕ್ಕೇ.

ಈಗ ದೊಡ್ಡವರ ದಾನದ ಲೆಕ್ಕ ನೋಡೋಣ. 2013ರ ಕಂಪನಿ ಕಾಯಿದೆಯಲ್ಲಿ, ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ ಮಾಡಿದ ಕಂಪನಿ ತನ್ನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2ನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕೆಂದು ವಿಧಿಸಿದೆ. ಕಲೆ, ಸಂಸ್ಕೃತಿ ಆ ಪಟ್ಟಿಯಲ್ಲಿವೆ. ಕಾನೂನು ಹೇಳಿದ್ದನ್ನು ಮಾಡಿದರೆ ಅದು ಕರ್ತವ್ಯ. ಅದಕ್ಕೆ ದಾನವೆಂಬ ಹೆಸರೂ ಹೂವಿನ ಹಾರವೂ ಏಕೆ? ಇನ್ನು ಆದಾಯ ತೆರಿಗೆಯಲ್ಲಿ ದಾನಕ್ಕೆ ರಿಯಾಯಿತಿ ಪಡೆದ ಶ್ರೀಮಂತರು ಒಂದು ಲಕ್ಷ ಕೊಟ್ಟರೆ, ಅದರಲ್ಲಿ ಒಂದು ಪಾಲು ಅವರು ಸರ್ಕಾರಕ್ಕೆ ಕಟ್ಟಬೇಕಾಗಿದ್ದ ತೆರಿಗೆಯೇ. ತೆರಿಗೆಯ ಮಿತಿಯನ್ನೇ ಮುಟ್ಟದ ಕೂಲಿಯವನು ಕೊಡುವ 50 ರೂಪಾಯಿ ಮಾತ್ರ ಪೂರಾ 50 ರೂಪಾಯಿ. ಆದರೆ ಅಮೃತಶಿಲೆಯ ಮೇಲೆ ಯಾರ ಹೆಸರು ಕೆತ್ತುತ್ತಾರೆ?

ದೊಡ್ಡವರ ಹಣ ಬೇಡವೆಂದು ನಾನು ಹೇಳುತ್ತಿಲ್ಲ. ತೆಗೆದುಕೊಳ್ಳೋಣ, ರಸೀದಿ ಕೊಡೋಣ, ಮನಸಾರೆ ವಂದಿಸೋಣ. ಮನೆಯ ಬೀಗದ ಕೈ ಮಾತ್ರ ಕೊಡುವುದು ಬೇಡ. ಒಂದು ಲಕ್ಷ ಕೊಟ್ಟವರಿಗೂ ಒಂದು ಮತ, 50 ಕೊಟ್ಟವರಿಗೂ ಒಂದು ಮತ. ಯಾವ ನಾಟಕ ಆಡಬೇಕೆಂದು ದಾನಿಯ ಮನೆಗೆ ಹೋಗಿ ಕೇಳುವ ಪ್ರಮೇಯ ಬರಕೂಡದು.

ನಿವೇಶನವನ್ನು ನಾವು ಬೇಡಿ ತರುವುದಲ್ಲ, ಕೇಳಿ ಪಡೆಯಬೇಕು. ಬಡಾವಣೆ ಮಾಡುವಾಗ ನಾಗರಿಕ ಸೌಲಭ್ಯಕ್ಕೆಂದು ಬಿಟ್ಟ ಜಾಗಗಳು ಜನರ ಸ್ವತ್ತು, ಬಿ.ಡಿ.ಎ. ಅವನ್ನು ಸಂಸ್ಥೆಗಳಿಗೆ ಗುತ್ತಿಗೆಗೆ ಕೊಡುವ ನಿಯಮವಿದೆ. ಕಟ್ಟಡಕ್ಕೆ ಪಾಲಿಕೆಯೂ ಸರ್ಕಾರವೂ ಹೆಗಲು ಕೊಡಲಿ. ಜನ ವಂತಿಗೆ ಎತ್ತುತ್ತಾರೆಂದು ಅವು ತಮ್ಮ ಹೊಣೆಯಿಂದ ಜಾರಿಕೊಳ್ಳಲು ನಾವು ಬಿಡಬಾರದು. ನಮ್ಮ ವಂತಿಗೆ ಇರುವುದು ದಿನದ ಸಂಸಾರಕ್ಕೆ: ದೀಪ, ನೀರು, ಕಾವಲು, ಗುಡಿಸುವ ತಾಯಿಯ ಸಂಬಳ, ಬಡ ತಂಡದ ಬಾಡಿಗೆ. ಸಾವಿರ ಮನೆ ತಿಂಗಳಿಗೆ 50 ರೂಪಾಯಿ ಕೊಟ್ಟರೆ ವರ್ಷಕ್ಕೆ 6 ಲಕ್ಷವಾಯಿತು. ಕಲ್ಲು ನಿಲ್ಲಿಸುವುದಕ್ಕೆ ದಾನಿಗಳು ಸಿಗುತ್ತಾರೆ. ಮೂರನೆಯ ವರ್ಷ ಸೋರುವ ಮಾಡಿಗೆ ಹೆಂಚು ಹೊದಿಸುವುದಕ್ಕೆ ಯಾರೂ ಸಿಗುವುದಿಲ್ಲ.

ಅಂಗಡಿಯ ಬಾಂಧವರೆ, ಗಣೇಶನ ಹಬ್ಬಕ್ಕೂ ರಾಜ್ಯೋತ್ಸವಕ್ಕೂ ರಸೀದಿ ಪುಸ್ತಕ ಹಿಡಿದು ಬರುವ ಹುಡುಗರಿಗೆ ನೀವು ಇಲ್ಲವೆನ್ನುವುದಿಲ್ಲ. ಆದರೆ ಆ ಹಣದ ಲೆಕ್ಕವನ್ನು ನಿಮ್ಮಲ್ಲಿ ಎಷ್ಟು ಜನ ಕಂಡಿದ್ದೀರಿ? ನಮ್ಮ ಮನೆಯಲ್ಲಿ ಹಾಗಾಗಕೂಡದು. ಬಂದದ್ದು, ಹೋದದ್ದು, ಉಳಿದದ್ದು ಪ್ರತಿ ತಿಂಗಳೂ ಬಾಗಿಲ ಬಳಿಯ ಹಲಗೆಯ ಮೇಲೆ ಬರೆದಿರಬೇಕು. ವರ್ಷಕ್ಕೊಮ್ಮೆ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಲೆಕ್ಕ ಕೇಳುವ ಹಕ್ಕಿಲ್ಲದೆ ಕೊಟ್ಟದ್ದು ವಂತಿಗೆಯಲ್ಲ, ಕಪ್ಪ.

ಕಡೆಯ ಮಾತು. ಟಿಕೆಟ್ಟು ಕೊಂಡು ಬಂದು ಕೂರಿ. ಪುಕ್ಕಟೆ ಪಾಸು ಕೇಳಬೇಡಿ. ಹೆಂಡಿರು ಮಕ್ಕಳನ್ನೂ ಪಕ್ಕದ ಮನೆಯವರನ್ನೂ ಕರೆತನ್ನಿ. ಎಷ್ಟೇ ದಾನ ಬಂದರೂ ಕುರ್ಚಿ ಖಾಲಿಯಿದ್ದರೆ ನಾಟಕ ಸಾಯುತ್ತದೆ. ಈ ಸಭೆ ಮುಗಿಯುವ ಮುನ್ನ ಒಂದು ವಂತಿಗೆ ಪುಸ್ತಕ ತೆರೆಯೋಣ. ಮೊದಲ ಹಾಳೆಯ ಮೊದಲ ಹೆಸರು ಲಕ್ಷಾಧೀಶನದಾಗುವುದು ಬೇಡ. ಈ ಸಾಲಿನಲ್ಲಿ ಮೊದಲು ಕೈಯೆತ್ತುವ ಕೆಲಸಗಾರನದಾಗಲಿ.