ಬಾಳಿಕೆ ಬರುವ ಪ್ರಚಾರ



ಸಾಮಾಜಿಕ ಜಾಲತಾಣಗಳ ಮೂಲಕ ಸಣ್ಣ ವ್ಯಾಪಾರಿಗಳು ನಡೆಸುವ ಪ್ರಚಾರವನ್ನು ಕುರಿತು ವಿಚಾರಮಾಡುವುದಕ್ಕೆ ರಾಜಧಾನಿಯ ತಂಪಾದ ಸಭಾಂಗಣವೊಂದನ್ನು ಅರಸದೆ, ಸೊರಬ–ಶಿಕಾರಿಪುರ ಸೀಮೆಯಲ್ಲಿ ಅಡಕೆ, ಭತ್ತ, ಶುಂಠಿ, ಅನಾನಸುಗಳ ನಡುವಣ ಈ ಜಡೆ ಗ್ರಾಮವನ್ನೇ ಆರಿಸಿಕೊಂಡುದು ಎಲ್ಲ ದೃಷ್ಟಿಯಿಂದಲೂ ಉಚಿತವಾಗಿದೆ. ಏಕೆಂದರೆ ವರ್ತಕನು ತನ್ನ ಸರಕನ್ನೂ ಶೀಲವನ್ನೂ ತಾನೇ ಬಣ್ಣಿಸಿಕೊಳ್ಳುವ ವಿದ್ಯೆ ಈ ಸೀಮೆಗೆ ನೂತನವಾದುದಲ್ಲ. ಅಯ್ಯಾವೊಳೆಯ ಐನೂರ್ವರೆಂಬ ವಣಿಕ್‌ಸಂಘದ ಪ್ರಶಸ್ತಿಯೊಂದು ಶಿಕಾರಿಪುರ ತಾಲ್ಲೂಕಿನ 11ನೆಯ ಶತಮಾನದ ಶಾಸನದಲ್ಲಿದೆ. ಆನೆ, ಕುದುರೆ, ನೀಲಮಣಿ, ಮುತ್ತು, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಗಳನ್ನು ತಾವು ದೇಶದೇಶಗಳಲ್ಲಿ ಸಗಟಾಗಿಯೂ ಹೆಗಲ ಮೇಲೆ ಹೊತ್ತೂ ಮಾರಿದೆವೆಂದು ಆ ವರ್ತಕರು ಅಲ್ಲಿ ಲೇಶವೂ ಸಂಕೋಚವಿಲ್ಲದೆ ಹೇಳಿಕೊಂಡಿರುವರು. ಇಂದಿನ ಇನ್‌ಸ್ಟಾಗ್ರಾಂ ಪಟುಗಳು ಅದನ್ನೊಮ್ಮೆ ಓದಿದರೆ ತಮ್ಮ ಆತ್ಮಪ್ರಶಂಸೆ ಏನೇನೂ ಸಾಲದೆಂದು ಕೊರಗಿಯಾರು! ಆದರೆ ಒಂದು ಭೇದವುಂಟು: ಕಲ್ಲಿನಲ್ಲಿ ಕೊರೆಯಿಸಿದ ಮಾತನ್ನು ಮರುದಿನ ಅಳಿಸಿಹಾಕುವಂತಿರಲಿಲ್ಲ.

ಇಂದಿನ ನಮ್ಮ ಪ್ರಚಾರದ ನೆಲವಾದರೋ ನಮ್ಮದಲ್ಲ. ಸಂತೆಯ ದಿವಸ ಬಯಲಿನಲ್ಲಿ ಗೋಣಿ ಹಾಸಿ ಕುಳಿತವನಿಗೆ ಆ ಬಯಲು ಹೇಗೆ ಸ್ವಂತವಲ್ಲವೋ ಹಾಗೆಯೇ ಜಾಲತಾಣವೂ ಅಲ್ಲಿ ಕುಳಿತ ವ್ಯಾಪಾರಿಗೆ ಸ್ವಂತವಲ್ಲ. 2020ರ ಜೂನ್ 29ರಂದು ಭಾರತ ಸರ್ಕಾರವು ಟಿಕ್‌ಟಾಕ್ ಸಹಿತ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ವರ್ಷಗಟ್ಟಲೆ ಅಭಿಮಾನಿಗಳನ್ನು ಕೂಡಿಸಿಕೊಂಡವರು ಏಕಾಏಕಿ ಬರಿಗೈಯವರಾದರು. ನಿಷೇಧದ ಯುಕ್ತಾಯುಕ್ತತೆ ಇಲ್ಲಿ ನಮಗೆ ಪ್ರಸ್ತುತವಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಒಡನೆಯೇ ಸ್ತಬ್ಧವಾಗಿ ಸುಮಾರು ಆರು ಗಂಟೆಗಳ ಕಾಲ ಲೋಕವೇ ತಬ್ಬಿಬ್ಬಾಯಿತು. ಮೂರಕ್ಕೂ ಒಡೆಯನೊಬ್ಬನೇ ಎಂಬುದು ಅನೇಕರಿಗೆ ಅಂದೇ ಮನದಟ್ಟಾದುದು. ಆದುದರಿಂದ ಕೊಂಡವರ ಹೆಸರು, ಊರು, ದೂರವಾಣಿ ಸಂಖ್ಯೆಗಳನ್ನು ಅವರ ಸಮ್ಮತಿಯಿಂದ ಬರೆದಿಟ್ಟುಕೊಂಡ ಒಂದು ಕಾಗದದ ಪುಸ್ತಕವು ಹತ್ತು ಸಾವಿರ ಲೈಕುಗಳಿಗಿಂತ ಬೆಲೆಯುಳ್ಳದ್ದೆಂದು ನಾನು ನಂಬುತ್ತೇನೆ. ವಾಟ್ಸ್‌ಆ್ಯಪ್‌ನ ಒಂದು ಪ್ರಸಾರಪಟ್ಟಿಗೆ 256 ಮಂದಿಯನ್ನು ಸೇರಿಸಬಹುದು. ನಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ನಮ್ಮ ಸಂದೇಶ ತಲುಪುತ್ತದೆ. ಇದನ್ನು ನ್ಯೂನತೆಯೆಂದು ದೂರುವವರುಂಟು. ನನಗೆ ಇದೊಂದು ಸುವ್ಯವಸ್ಥೆಯಾಗಿ ತೋರುತ್ತದೆ: ನಮ್ಮನ್ನು ಬೇಕೆಂದವರಿಗೆ ಮಾತ್ರ ನಾವು ಮಾತನಾಡುವ ಮರ್ಯಾದೆ ಅದರಲ್ಲಿದೆ.

ಪ್ರಚಾರವು ಸುಸ್ಥಿರವಾಗಬೇಕೆಂದರೆ ಮಾರುವವನ ದೇಹ, ಮನಸ್ಸು, ಕಾಲ ಇವು ತಾಳಬೇಕೆಂಬುದು ಒಂದರ್ಥ. ಸರಕು ಹುಟ್ಟುವ ನೆಲೆಯೂ ತಾಳಬೇಕೆಂಬುದು ಅದಕ್ಕಿಂತಲೂ ಗಹನವಾದ ಅರ್ಥ. ಇದಕ್ಕೆ ಉಪ್ಪಿನಕಾಯಿಗೆ ಹಾಕುವ ಮಾವಿನ ಮಿಡಿಯಾದ ಅಪ್ಪೆಮಿಡಿಗಿಂತ ಉತ್ತಮ ನಿದರ್ಶನವು ಮಲೆನಾಡಿನಲ್ಲಿಲ್ಲ. ಹೊಳೆ ಹಳ್ಳಗಳ ದಡದಲ್ಲಿ ತಾನಾಗಿ ಬೆಳೆದ ಮರ, ಒಂದು ವರ್ಷ ಬಿಟ್ಟರೆ ಇನ್ನೊಂದು ವರ್ಷ ಬಿಡದು. ಚಳಿ ಕಳೆದು ಬೇಸಗೆ ಬಲಿಯುವುದರೊಳಗಿನ ಕೆಲವೇ ವಾರಗಳಲ್ಲಿ ಮಿಡಿ ಇಳಿಸಬೇಕು. ಸೊನೆಯ ಪರಿಮಳದಿಂದಲೇ ಇದು ಜೀರಿಗೆ, ಅದು ಕರ್ಪೂರವೆಂದು ಬಲ್ಲವರು ಹೇಳುವರು. ಇಂತಹ ಮಿಡಿಯ ಉಪ್ಪಿನಕಾಯಿಯ ದೃಶ್ಯಚಿತ್ರವೊಂದು ಅಕಸ್ಮಾತ್ತಾಗಿ ಲಕ್ಷಾಂತರ ಜನರ ಕಣ್ಣಿಗೆ ಬಿದ್ದು ಬೇಡಿಕೆ ಮಹಾಪೂರದಂತೆ ನುಗ್ಗಿದರೆ, ಮರವು ಮಿಡಿಯನ್ನು ಇಮ್ಮಡಿಯಾಗಿ ಕೊಟ್ಟೀತೆ? ಕೊಡದು. ಮಿಡಿಯ ಅವಸರಕ್ಕೆ ಕೊಂಬೆಗಳನ್ನೇ ಕಡಿದುಹಾಕುವ ಕ್ರೂರಪದ್ಧತಿ ಈಗಾಗಲೇ ನಮ್ಮ ಕಾಡುಗಳಲ್ಲಿದೆ. ವಿವೇಕವಿಲ್ಲದ ಪ್ರಚಾರವು ಅದಕ್ಕೆ ಮತ್ತಷ್ಟು ಕೊಡಲಿಗಳನ್ನು ಒದಗಿಸುವುದು. ಈ ವರ್ಷದ ಮಿಡಿ ಮುಗಿಯಿತು, ಬರುವ ವರ್ಷಕ್ಕೆ ಈಗಲೇ ಹೆಸರು ಬರೆಯಿಸಿರಿ, ಕಸಿಗಿಡಗಳನ್ನು ನೆಟ್ಟಿದ್ದೇವೆ, ಇಗೋ ಅವುಗಳ ಚಿತ್ರ, ಎಂದು ಪ್ರಕಟಿಸುವ ಗೃಹಿಣಿಯೇ ನನ್ನ ದೃಷ್ಟಿಯಲ್ಲಿ ಪ್ರಚಾರದ ಮರ್ಮವನ್ನರಿತವಳು.

ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆಗೂ ಈ ಮಾತು ಸಲ್ಲುತ್ತದೆ: ಗಂಧದ ಮರವೇ ದುರ್ಲಭವಾಗಿರುವಾಗ ಒಪ್ಪಿಕೊಳ್ಳಬಹುದಾದ ಕೆಲಸದ ಮಿತಿಯನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ದೀವರ ಸಮುದಾಯದ ಹೆಂಗಸರು ಗೋಡೆಗೆ ಬರೆಯುವ ಹಸೆ ಚಿತ್ತಾರದ ವಿಷಯ ಇನ್ನೂ ಸ್ವಾರಸ್ಯವಾದುದು. ಅಕ್ಕಿಯ ಬಿಳುಪು, ಕೆಮ್ಮಣ್ಣಿನ ಕೆಂಪು, ಗುರಿಗೆಯ ಹಳದಿ, ಹುರಿದ ಅಕ್ಕಿಯ ಕಪ್ಪು, ಪುಂಡಿನಾರಿನ ಕುಂಚ, ಇವನ್ನೆಲ್ಲ ಸಿದ್ಧಪಡಿಸುವ ಕ್ರಮವನ್ನೂ ಭೂಮಿಹುಣ್ಣಿಮೆಯ ಹಬ್ಬಕ್ಕೆ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವುದನ್ನೂ ಬರೆಯುವವರ ಕೈಯೊಡನೆ, ಅವರದೇ ಮಾತಿನಲ್ಲಿ ತೋರಿಸಿದರೆ, ನಿತ್ಯವೂ ಶುಭೋದಯದ ಹೂಚಿತ್ರಗಳನ್ನು ಕಳುಹಿಸಿ ಜನರನ್ನು ಬೇಸರಪಡಿಸುವ ದುರವಸ್ಥೆ ಯಾರಿಗೂ ಒದಗದು. ನೆರೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1996ರಲ್ಲಿ ಆರಂಭವಾದ ‘ಚರಕ’ ಮಹಿಳಾ ಸಹಕಾರ ಸಂಘವು ಸಹಜಬಣ್ಣದ ಕೈಮಗ್ಗದ ಬಟ್ಟೆಗೆ ಗ್ರಾಹಕರನ್ನು ಸಂಪಾದಿಸತೊಡಗಿದಾಗ ಈ ಜಾಲತಾಣಗಳಾವುವೂ ಹುಟ್ಟಿರಲಿಲ್ಲ. ಬಟ್ಟೆಯೊಡನೆ ಅದನ್ನು ನೇಯ್ದ ರೀತಿಯನ್ನೂ ತಿಳಿಸುವುದು ಅವರ ಮಾರ್ಗವಾಗಿತ್ತು. ಅವರಿಗೂ ಕಷ್ಟಕಾಲಗಳು ಬಂದುವು. ಒಳ್ಳೆಯ ಪ್ರಚಾರವೊಂದರಿಂದಲೇ ಉದ್ಯಮ ನಿಲ್ಲುವುದೆಂಬ ಭ್ರಮೆಯನ್ನು ನಾನು ಯಾರಿಗೂ ಹುಟ್ಟಿಸಲಾರೆ.

ಸೇರಿರುವ ಪಂಡಿತರಲ್ಲಿ ನನ್ನದೊಂದು ವಿಜ್ಞಾಪನೆ. ಇಂದಿನ ಪ್ರಬಂಧಗಳಲ್ಲಿ ಅಲ್ಗಾರಿದಮ್ಮಿನ ಲೀಲೆಗಳನ್ನು ವರ್ಣಿಸುವುದರ ಜೊತೆಗೆ, ಕೊಟ್ಟಿಗೆ, ಅಡುಗೆ, ತೋಟಗಳ ಕೆಲಸ ಮುಗಿಸಿ ಫೋನು ಹಿಡಿಯುವ ಹೆಂಗಸು ವಾರಕ್ಕೆ ಎಷ್ಟು ಹೊತ್ತನ್ನು ಪ್ರಚಾರಕ್ಕೆ ಮೀಸಲಿಡಬಹುದು, ಹಣ ಕೊಟ್ಟು ಜಾಹೀರಾತು ಹಾಕುವುದು ಯಾವ ಹಂತದಲ್ಲಿ ಯುಕ್ತ, ಆಹಾರ ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಪಡೆಯುವುದು ಹೇಗೆ, ಎಂಬಿವಕ್ಕೂ ಉತ್ತರ ಕೊಡಿರಿ. ಸಂಜೆ ಈ ಸಭೆ ಮುಗಿಯುವುದರೊಳಗಾಗಿ ಆ ಉತ್ತರಗಳನ್ನು ತಿಳಿಗನ್ನಡದಲ್ಲಿ, ಒಂದೇ ಪುಟದಲ್ಲಿ ಬರೆದು, ಇಲ್ಲಿಗೆ ಬಂದಿರುವ ಪ್ರತಿಯೊಬ್ಬ ವ್ಯಾಪಾರಿಯ ಕೈಗೂ ಕೊಟ್ಟು ಕಳುಹಿಸಬೇಕೆಂದು ಪ್ರಾರ್ಥಿಸುತ್ತೇನೆ.