ಮೇಲ್ಮನೆಯ ನೀರು, ಕೆಳಮನೆಯ ಅಂಗಳ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ ಪಾಲಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಈ ಉಪನ್ಯಾಸಮಾಲೆಗೆ ಸಮಿತಿಯವರು ಆರಿಸಿಕೊಂಡ ವಿಷಯ ‘ಬೆಳೆದ ಓಣಿ’ ಎಂಬುದು. ನಮಗಿಂತ ಮೊದಲು ಮಾತನಾಡಿದವರು ಇಚಲಕರಂಜಿಯ ಮಗ್ಗಗಳ ಸದ್ದಿನ ಓಣಿಗಳನ್ನೂ, ಕೊಲ್ಹಾಪುರದ ತಾಲೀಮುಗಳಿರುವ ಪೇಠಗಳನ್ನೂ, ಇದೇ ಗಡಹಿಂಗ್ಲಜದ ನದಿದಂಡೆಯ ಗಲ್ಲಿಗಳನ್ನೂ ಕಣ್ಣಿಗೆ ಕಟ್ಟುವಂತೆ ವರ್ಣಿಸಿದ್ದಾರೆ. ನಾವು ಈ ಊರಿಗೆ ಸೊಸೆಯಾಗಿ ಬಂದವರು. ಬೆಳೆದದ್ದು ಘಟ್ಟದ ಕೆಳಗೆ, ಕಾರವಾರದಲ್ಲಿ. ಪರವೂರಿನ ಕಥೆ ಇಲ್ಲಿಯವರಿಗೆ ಏತಕ್ಕೆ ಎಂದು ಮೊದಲು ಹಿಂಜರಿದದ್ದುಂಟು. ಆದರೆ 1949ರಲ್ಲಿ ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದಂದಿನಿಂದ 1956ರ ನವೆಂಬರ್ 1ರ ವರೆಗೆ ಕಾರವಾರವೂ ಗಡಹಿಂಗ್ಲಜವೂ ಒಂದೇ ರಾಜ್ಯದ ಊರುಗಳಾಗಿದ್ದವೆಂಬ ನೆಪ ಸಿಕ್ಕಿತು. ನೆಪಕ್ಕಿಂತ ದೊಡ್ಡ ಕಾರಣವೂ ಒಂದಿದೆ. ಅದು ಮಾತಿನ ನಡುವೆ ತಾನಾಗಿ ಬರುತ್ತದೆ.

ಕಾರವಾರದಲ್ಲಿ ಸಹ್ಯಾದ್ರಿಯ ಕವಲುಗಳು ನೇರವಾಗಿ ಕಡಲಿಗೇ ಇಳಿಯುತ್ತವೆ. ಉತ್ತರಕ್ಕೆ ಕಾಳಿ ನದಿಯ ಅಳಿವೆ, ಅದರಾಚೆ ಸದಾಶಿವಗಡ. ದಕ್ಷಿಣಕ್ಕೆ ಬೈತಖೋಲದ ಬಂದರು. ನಡುವೆ ಉಳಿದ ಒಂದು ಪಟ್ಟಿಯಷ್ಟು ಸಮನೆಲದಲ್ಲಿ ಪೇಟೆ, ಕಚೇರಿ, ನ್ಯಾಯಾಲಯ, ತೆಂಗಿನ ತೋಟಗಳು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಕಾರವಾರ ಜಿಲ್ಲೆಯ ಮುಖ್ಯ ಸ್ಥಳವಾಗಿ ಬೆಳೆಯಿತು. ಊರು ಬೆಳೆದಂತೆ ಕೆಳಗಿನ ನೆಲ ಸಾಲದೆ ನಮ್ಮಂಥ ಸಣ್ಣ ನೌಕರರ ಮನೆಗಳು ಗುಡ್ಡದ ಮಗ್ಗುಲನ್ನು ಹತ್ತತೊಡಗಿದವು. 1880ರ ದಶಕದ ಆರಂಭದಲ್ಲಿ ರವೀಂದ್ರನಾಥ ಠಾಕೂರರು, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಕೆಲಕಾಲ ತಂಗಿದ್ದರು. ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ಬರೆದದ್ದು ಅಲ್ಲಿಯೇ. ಕವಿಗಳು ಕಡಲ ದಂಡೆಯಲ್ಲಿ ನಿಂತು ಗುಡ್ಡವನ್ನು ಕಂಡರು. ನಾವು ಗುಡ್ಡದ ಮೇಲೆ ನಿಂತು ಕಡಲನ್ನು ಕಂಡೆವು, ಅದೂ ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡು.

ಓಣಿಯೆಂದರೆ ರಸ್ತೆಯಲ್ಲ, ಚಿರೆಕಲ್ಲಿನ ಪಾವಟಿಗೆಗಳು. ಕೆಳಗಿನ ಬಾವಿಯಿಂದ ನಮ್ಮ ಮನೆಯ ಹೊಸ್ತಿಲವರೆಗೆ ಅರವತ್ತಮೂರು. ಏಪ್ರಿಲ್ ಮುಗಿಯುವ ಹೊತ್ತಿಗೆ ಮೇಲಿನ ಬಾವಿಗಳು ಬತ್ತುತ್ತಿದ್ದವು. ಕೆಳಗಿನ ಬಾವಿಯ ನೀರನ್ನು ಹೊತ್ತು ತರಬೇಕು. ಜೂನ್ ಬಂದರೆ ಅದೇ ಮನೆಯಲ್ಲಿ ನೀರು ಬೇಡವೆಂದರೂ ಬಿಡುತ್ತಿರಲಿಲ್ಲ. ಅಡುಗೆಮನೆಯ ಹಿಂಗೋಡೆಯ ಬುಡದಲ್ಲಿ ಒರತೆ ಏಳುತ್ತಿತ್ತು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಊರು ಅದು. ಆ ಒರತೆಗೆ ಹಾದಿ ಮಾಡಿಕೊಟ್ಟು, ಮನೆಯೊಳಗಿನ ಕಾಲುವೆಯಿಂದ ಹೊರಕ್ಕೆ ಹರಿಸಿ, ಅದರ ಪಕ್ಕದಲ್ಲೇ ಒಲೆ ಉರಿಸಿ ದೋಸೆ ಎರೆಯುತ್ತಿದ್ದ ನಮ್ಮ ಅಜ್ಜಿಯವರನ್ನು ನೆನೆದರೆ ಈಗಲೂ ಬೆರಗಾಗುತ್ತದೆ. ಬೆಳಿಗ್ಗೆ ಎದ್ದವರು ದೇವರಿಗೆ ಕೈಮುಗಿಯುವ ಮೊದಲು ಒರತೆಯ ನೀರಿನ ಬಣ್ಣ ನೋಡುತ್ತಿದ್ದರು. ತಿಳಿಯಾಗಿದ್ದರೆ ದಿನ ಸರಿ. ಕೆಂಪಾದರೆ, ಅಥವಾ ಸುರಿವ ಮಳೆಯಲ್ಲಿ ಒರತೆ ತಟ್ಟನೆ ನಿಂತುಹೋದರೆ, ಮಕ್ಕಳನ್ನು ಎತ್ತಿಕೊಂಡು ಮನೆಯಿಂದ ಹೊರಡಬೇಕು ಎಂಬುದು ಅವರ ಅಪ್ಪಣೆ.

ಅದರ ಶಾಸ್ತ್ರ ನಮಗೆ ತಿಳಿದದ್ದು ಬಹಳ ತಡವಾಗಿ. ಕರಾವಳಿಯ ಗುಡ್ಡಗಳ ಮೇಲ್ಪದರ ಚಿರೆಕಲ್ಲು. ತೂತುತೂತಾದ ಈ ಕಲ್ಲು ಮಳೆಯ ನೀರನ್ನು ಕುಡಿದು ಕೆಳಗೆ ಬಿಡುತ್ತದೆ. ಅದರಡಿಯಲ್ಲಿ ಹಲವೆಡೆ ಶೇಡಿ ಮಣ್ಣು ಇರುತ್ತದೆ. ನುಣುಪಾದ, ಬಿಳುಪು ಗುಲಾಬಿ ಬಣ್ಣದ ಜೇಡಿ. ಒಣಗಿದಾಗ ಗೋಡೆಯಂತೆ ನಿಲ್ಲುವ ಈ ಮಣ್ಣು ನೆನೆದಾಗ ಬೆಣ್ಣೆಯಂತೆ ಜಾರುತ್ತದೆ. ಇಳಿಜಾರಿನ ಬುಡವನ್ನು ನೆಟ್ಟಗೆ ಕಡಿದರೆ ಮೇಲಿನ ಭಾರಕ್ಕೆ ಆಸರೆ ಇಲ್ಲದಂತಾಗುತ್ತದೆ. ನೀರು ಹೊರಹೋಗುವ ಹಾದಿಯನ್ನು ಮುಚ್ಚಿದರೆ ಮಣ್ಣಿನೊಳಗೆ ನೀರಿನ ಒತ್ತಡ ಏರುತ್ತದೆ. ಒರತೆಯ ನೀರು ಕೆಂಪಾಗುವುದೆಂದರೆ ಒಳಗಿನ ಮಣ್ಣು ಹೊರಟುಬರುತ್ತಿದೆ ಎಂದು ಅರ್ಥ. ಬಾಗಿಲು ಚೌಕಟ್ಟಿಗೆ ಹತ್ತದಿರುವುದು, ಅಂಗಳದಲ್ಲಿ ಉದ್ದ ಬಿರುಕು, ನೆಟ್ಟಗಿದ್ದ ಮರ ವಾಲುವುದು, ಇವೆಲ್ಲವೂ ಅದೇ ಸೂಚನೆಯವು. ಅಜ್ಜಿಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ಆದ್ದರಿಂದಲೇ ಮೇ ತಿಂಗಳ ಕೊನೆಯಲ್ಲಿ ಓಣಿಗೆ ಓಣಿಯೇ ಗುದ್ದಲಿ ಹಿಡಿಯುತ್ತಿತ್ತು. ಪ್ರತಿ ಮನೆಯ ಹಿತ್ತಿಲಲ್ಲಿ, ಧರೆಯ ಬುಡಕ್ಕೆ ಒಂದು ಅಗಳು, ಅಂದರೆ ನೀರು ಹರಿಯುವ ತೋಡು. ಅದನ್ನು ಆಯಾ ಮನೆಯವರು ಕೆರೆದು ಸ್ವಚ್ಛ ಮಾಡಬೇಕು. ಇದರಲ್ಲಿ ಒಂದು ವಿಚಿತ್ರವಿತ್ತು. ನಮ್ಮ ಹಿತ್ತಿಲ ಅಗಳು ಕಾಯುತ್ತಿದ್ದದ್ದು ನಮ್ಮ ಮನೆಯನ್ನಷ್ಟೇ ಅಲ್ಲ, ಅದಕ್ಕಿಂತ ಹೆಚ್ಚಾಗಿ ನಮ್ಮ ಕೆಳಗಿನ ಮನೆಯನ್ನು. ನಮ್ಮನ್ನು ಕಾಯುತ್ತಿದ್ದದ್ದು ನಮ್ಮ ಮೇಲಿನ ಮನೆಯವರ ಅಗಳು. ಕೊಂಕಣಿ ಮಾತನಾಡುವವರು, ನಮ್ಮಂತೆ ಅಂಕೋಲೆಯ ಕಡೆಯಿಂದ ಬಂದ ಕನ್ನಡದವರು, ಬಂದರಿನಲ್ಲಿ ದುಡಿಯುತ್ತಿದ್ದ ಮುಸಲ್ಮಾನರ ಎರಡು ಮನೆಗಳು, ಎಲ್ಲರೂ ಇದ್ದ ಓಣಿ ಅದು. ಒಬ್ಬರ ಮನೆಯ ಊಟ ಮತ್ತೊಬ್ಬರಿಗೆ ನಡೆಯುತ್ತಿರಲಿಲ್ಲ; ಆದರೆ ಅಗಳಿನ ಮಾತಿಗೆ ಎರಡು ಮಾತಿರಲಿಲ್ಲ.

ಆ ಮಾತನ್ನು ಮುರಿದದ್ದು ನಮ್ಮ ಮನೆ. ಇದನ್ನು ಇಷ್ಟು ಜನರ ಮುಂದೆ ಹೇಳುತ್ತಿರುವುದು ಇದೇ ಮೊದಲು.

ನಾವು ಏಳನೆಯ ತರಗತಿಯಲ್ಲಿದ್ದೆವು. ಹಿರಿಯರು ಆಗಲೂ ಮುಲ್ಕಿ ಎಂದೇ ಕರೆಯುತ್ತಿದ್ದ ಪಬ್ಲಿಕ್ ಪರೀಕ್ಷೆ ಎದುರಿಗಿತ್ತು. ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ತಂದೆಯವರಿಗೆ ಮಗಳು ಓದಬೇಕೆಂಬ ಹಂಬಲ. ಒಂದೇ ಕೋಣೆಯ ಮನೆಯಲ್ಲಿ ಎಂಟು ಜನ. ಬೇಸಿಗೆಯಲ್ಲಿ ಅವರು ಹಿತ್ತಿಲ ಧರೆಯನ್ನು ಐದಾರು ಅಡಿ ಕಡಿಸಿ, ಅಗಳನ್ನು ಕಲ್ಲುಮಣ್ಣಿನಿಂದ ತುಂಬಿಸಿ, ಅದರ ಮೇಲೆ ಓದುವುದಕ್ಕೆಂದು ಒಂದು ಸಣ್ಣ ಕೋಣೆ ಎಬ್ಬಿಸಿದರು. “ಆ ನೀರು ಎಲ್ಲಿಗೆ ಹೋಗಬೇಕಪ್ಪ?” ಎಂದು ಅಜ್ಜಿ ಕೇಳಿದ್ದು ನಮ್ಮ ಕಿವಿಯಲ್ಲಿ ಈಗಲೂ ಇದೆ. ದೀಪಾವಳಿಗೆ ಪಗಾರದ ಜೊತೆ ಬೋನಸ್ಸು ಬಂದರೆ ಕೊಳವೆ ಹಾಕಿಸೋಣ ಎಂದರು ತಂದೆಯವರು. ಆ ಕೋಣೆಯಲ್ಲಿ ಮೊದಲ ದಿನ ಲಾಟೀನು ಇಟ್ಟುಕೊಂಡು ಕುಳಿತಾಗ ನಮಗಾದ ಹೆಮ್ಮೆಯನ್ನು ಸುಳ್ಳು ಹೇಳಿ ಮುಚ್ಚಿಡಲಾರೆವು.

ಆಷಾಢದಲ್ಲಿ ಮೂರು ದಿನ ಬಿಡದೆ ಸುರಿದ ಮಳೆಯ ರಾತ್ರಿ, ಲಾರಿಯಿಂದ ಮರಳು ಇಳಿಸಿದಂಥ ಒಂದು ಸದ್ದು. ನಮ್ಮ ಕೋಣೆಗೆ ಏನೂ ಆಗಲಿಲ್ಲ. ಹಾದಿ ತಪ್ಪಿದ ನೀರು ನಮ್ಮ ಅಂಗಳದ ಅಂಚನ್ನು ಕೊರೆದು, ಅದರ ಕೆಳಗಿನ ಧರೆಯನ್ನು ಕೆಳಮನೆಯ ಮೇಲೆ ಕೆಡವಿತ್ತು. ಅಡುಗೆಮನೆಯೂ ಕೊಟ್ಟಿಗೆಯೂ ಮಣ್ಣಿನಡಿಗೆ ಹೋದವು. ಮನೆಯವರೆಲ್ಲ ಮುಂದಿನ ಪಡಸಾಲೆಯಲ್ಲಿ ಮಲಗಿದ್ದರಿಂದ ಜೀವ ಉಳಿಯಿತು, ಕರು ಸತ್ತಿತು. ಆ ಮನೆಯ ಮಗಳು ನಮ್ಮ ತರಗತಿಯವಳೇ. ಗಣಿತದಲ್ಲಿ ನಮಗಿಂತ ಚುರುಕು. ಅವಳ ಪಾಟೀಚೀಲ ಒಲೆಯ ಪಕ್ಕದ ಗೂಡಿನಲ್ಲಿ ಇತ್ತು, ಬೆಚ್ಚಗಿರಲಿ ಎಂದು. ಅವರು ಬಿಣಗಾದ ನೆಂಟರ ಮನೆಗೆ ಹೋದರು. ಮನೆ ಮತ್ತೆ ನಿಂತು ಅವರು ತಿರುಗಿ ಬರುವ ಹೊತ್ತಿಗೆ ಪರೀಕ್ಷೆ ಮುಗಿದಿತ್ತು. ಅವಳು ಮತ್ತೆ ಶಾಲೆಗೆ ಬರಲಿಲ್ಲ. ನಾವು ಪ್ರಥಮ ವರ್ಗದಲ್ಲಿ ತೇರ್ಗಡೆಯಾದೆವು.

ತಂದೆಯವರು ಮರುದಿನವೇ ಮಳೆಯಲ್ಲಿ ನಿಂತು ಕೋಣೆಯನ್ನು ತಾವೇ ಒಡೆದು ಅಗಳನ್ನು ಬಿಡಿಸಿದರು. ಎರಡು ವರ್ಷ ಪಗಾರದಲ್ಲಿ ಉಳಿಸಿ ಆ ಮನೆಯ ಗೋಡೆ ಕಟ್ಟಿಸಿಕೊಟ್ಟರು. ಕೆಳಮನೆಯ ಮಾವಶಿ ಒಂದು ದಿನವಾದರೂ ಕೆಟ್ಟ ಮಾತು ಆಡಲಿಲ್ಲ. ಚವತಿಯ ನೇವರಿಯನ್ನು ಎಂದಿನಂತೆ ಕೊಟ್ಟು ಕಳಿಸಿದರು. ಆಕೆ ಬೈದಿದ್ದರೆ ಒಳ್ಳೆಯದಿತ್ತು ಎಂದು ತಾಯಿಯವರು ಹಲವು ಸಲ ಹೇಳಿದ್ದುಂಟು.

ನಮ್ಮ ಶಿಕ್ಷಕ ವೃಂದ ನಮ್ಮನ್ನು ಹಾಸ್ಯ ಮಾಡುವುದಿದೆ. ಮಳೆಗಾಲದಲ್ಲಿ ಒಬ್ಬ ಹುಡುಗಿ ಮೂರು ದಿನ ಬಾರದಿದ್ದರೆ ಬಾಯಿಯವರು ಕೊಡೆ ಹಿಡಿದು ಅವಳ ಮನೆಗೆ ಹೊರಟೇಬಿಡುತ್ತಾರೆ ಎಂದು. ಕಾರಣ ಕೇಳಿದವರಿಗೆ ಇಲ್ಲಿಯವರೆಗೆ ಹಾಜರಿಯ ನಿಯಮ ತೋರಿಸಿದ್ದೇವೆ.

ಮದುವೆಯಾಗಿ ಸಾವಂತವಾಡಿ, ಅಂಬೋಲಿ ಘಾಟು, ಆಜರೆಯ ಮಾರ್ಗವಾಗಿ ಈ ಊರಿಗೆ ಬಂದಾಗ, ಇನ್ನು ಧರೆಯ ಭಯವಿಲ್ಲ ಎಂದುಕೊಂಡಿದ್ದೆವು. ಮಳೆ ಕಡಿಮೆ, ನೆಲ ಕಪ್ಪು, ಹೊಲದ ತುಂಬ ಕಬ್ಬು. 2019ರ ಆಗಸ್ಟ್ ಆ ನಿಶ್ಚಿಂತೆಯನ್ನು ಕಳೆಯಿತು. ಕೊಲ್ಹಾಪುರದಲ್ಲಿ ರಾಜಾರಾಮ ಬಂಧಾರೆಯ ಬಳಿ ಪಂಚಗಂಗೆಯ ಅಪಾಯ ಮಟ್ಟ 43 ಅಡಿ. ಆ ವರ್ಷ ನೀರು 55 ಅಡಿಯನ್ನು ದಾಟಿತು. ಇಲ್ಲಿ ಹಿರಣ್ಯಕೇಶಿ ದಂಡೆಯ ಮನೆಗಳನ್ನು ಹೊಕ್ಕಾಗ ಹಲವು ಕುಟುಂಬಗಳು ನಮ್ಮ ಶಾಲೆಯ ಕೋಣೆಗಳಲ್ಲಿ ತಂಗಿದವು. ಇಂದು ಈ ಸಭೆಯಲ್ಲಿರುವ ಕೆಲವರು ಆಗ ಐದನೆಯ ತರಗತಿಯ ಕೋಣೆಯಲ್ಲಿ ಮಲಗಿದ್ದವರೇ. ಅಂದು ಒಬ್ಬ ಅಜ್ಜಿ ಕೇಳಿದರು: “ನಮ್ಮೂರಾಗ ಇಷ್ಟು ಮಳೀ ಎಲ್ಲಿ ಆಗೇದ್ರೀ ಬಾಯಿ, ಈ ನೀರು ಎಲ್ಲಿಂದ ಬಂತು?” ಹಿರಣ್ಯಕೇಶಿ ಹುಟ್ಟುವುದು ಅಂಬೋಲಿಯ ಬಳಿ, ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆಯ ನಾಡಿನಲ್ಲಿ. ಕರಾವಳಿಯನ್ನು ಬಿಟ್ಟು ಬಂದೆವೆಂದು ತಿಳಿದಿದ್ದವರು ಅದೇ ಗುಡ್ಡದ ಬೆನ್ನಿನ ಕಡೆಗೆ ಬಂದು ನೆಲಸಿದ್ದೆವು. ಅಂಬೋಲಿ ನಮ್ಮ ಮೇಲ್ಮನೆ.

ನಮಗೂ ಕೆಳಮನೆ ಉಂಟು. ಹಿರಣ್ಯಕೇಶಿ ಘಟಪ್ರಭೆಯನ್ನು ಸೇರುತ್ತದೆ, ಘಟಪ್ರಭೆ ಕೃಷ್ಣೆಯನ್ನು. ಪ್ರವಾಹ ಬಂದ ಪ್ರತಿ ವರ್ಷವೂ ಆಲಮಟ್ಟಿಯ ಹಿನ್ನೀರೇ ಕಾರಣವೆಂದು ಇಲ್ಲಿನ ಪತ್ರಿಕೆಗಳು ಬರೆಯುತ್ತವೆ, ಮೇಲಿನಿಂದ ಬಿಟ್ಟ ನೀರೇ ಕಾರಣವೆಂದು ಅಲ್ಲಿನ ಪತ್ರಿಕೆಗಳು. ತೀರ್ಮಾನ ಹೇಳುವಷ್ಟು ಜಲವಿದ್ಯೆ ನಮಗಿಲ್ಲ. ಆದರೆ ಪಾಲಕರ ಸಭೆಯಲ್ಲಿ ಪ್ರತಿ ವರ್ಷ ಏಳುವ ಪ್ರಶ್ನೆಯೊಂದಿದೆ: ತಹಸೀಲ ಕಚೇರಿಯಲ್ಲಿ ಮರಾಠಿ, ನೌಕರಿಗೆ ಇಂಗ್ಲಿಷು, ಕನ್ನಡದಲ್ಲಿ ಕಲಿತು ಆಗುವುದೇನು? ಆ ಎರಡೂ ಪತ್ರಿಕೆಗಳನ್ನು ಒಂದೇ ಬೆಳಿಗ್ಗೆ ಓದಬಲ್ಲವರು ನಮ್ಮ ಮಕ್ಕಳು. ಈ ಕಣಿವೆಯಲ್ಲಿ ಅಂಥವರು ಬಹಳ ಮಂದಿ ಇಲ್ಲ. ಕಳೆದ ವರ್ಷ ಆರನೆಯ ತರಗತಿಯಲ್ಲಿ ‘ಧರೆ’ ಎಂದರೇನು ಎಂದು ಕೇಳಿದಾಗ ಮಕ್ಕಳು ‘ಭೂಮಿ’ ಎಂದರು. ಪಠ್ಯಪುಸ್ತಕದ ಉತ್ತರ, ತಪ್ಪಲ್ಲ. ಗುಡ್ಡದ ಕಡಿದಾದ ಮಣ್ಣಿನ ಬದಿಗೂ ಘಟ್ಟದ ಕೆಳಗಿನವರು ಧರೆ ಎನ್ನುತ್ತಾರೆ ಎಂದಾಗ, ಒಬ್ಬ ಹುಡುಗ ಎದ್ದು “ಹಾಗಾದರೆ ಮರಾಠಿಯ ದರಡ” ಎಂದ. ಫಲಕದ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿ ಬರೆದೆವು. ಹೆಚ್ಚಿನ ಪಾಠವನ್ನೇನೂ ಆ ದಿನ ಮಾಡಲಿಲ್ಲ.

ಆ ಪ್ರಶ್ನೆ ಕೇಳಿದ್ದಕ್ಕೆ ಹಿನ್ನೆಲೆಯಿತ್ತು. 2009ರ ಅಕ್ಟೋಬರ್ 2ರಂದು ಕಾರವಾರದ ಸಮೀಪ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಸತ್ತರು. ಝರಿ ಎಂಬುದು ಆ ಕೇರಿಯ ಹೆಸರಿನಲ್ಲೇ ಇದೆಯಲ್ಲ ಎಂದು ಸುದ್ದಿ ಕೇಳಿದ ದಿನ ನಮಗೆ ಅನಿಸಿತ್ತು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲೆಯ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ರಸ್ತೆಯ ಮೇಲೂ ಗಂಗಾವಳಿ ನದಿಯ ಒಳಗೂ ಬಿದ್ದಿತು. ರಸ್ತೆ ಬದಿಯಲ್ಲಿ ಚಹದಂಗಡಿ ನಡೆಸುತ್ತಿದ್ದ ಕುಟುಂಬ ಅಳಿಯಿತು. ಮಣ್ಣು ನದಿಗೆ ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಗುಡ್ಡವನ್ನು ಕಡಿದವರು ಆಚೆ ದಡದವರಲ್ಲ, ಆ ರಸ್ತೆಯಲ್ಲಿ ಹೋಗುತ್ತಿದ್ದವರೂ ಅಲ್ಲ.

ಆ ವಾರವೇ ನಾವು ತವರಿಗೆ ಹೋದೆವು. ತಾಯಿಯವರಿಗೆ ಎಂಬತ್ತು ದಾಟಿದೆ. ಹಳೆಯ ಮನೆಯಲ್ಲೇ ಇದ್ದಾರೆ. ಕೆಳಗಿನ ಫ್ಲ್ಯಾಟಿಗೆ ಕರೆದೊಯ್ಯುತ್ತೇನೆಂದು ತಮ್ಮ ಹೇಳುತ್ತಲೇ ಇದ್ದಾನೆ. ಪಾವಟಿಗೆಗಳ ಮೇಲೆ ಈಗ ಸಿಮೆಂಟು. ಅಗಳುಗಳಲ್ಲಿ ಅರ್ಧದಷ್ಟು ಸ್ಕೂಟರು ನಿಲ್ಲುವ ಜಾಗಗಳಾಗಿವೆ. ನಮ್ಮ ಹಿತ್ತಿಲಿನದು ಮಾತ್ರ ತೆರೆದೇ ಇದೆ. ಅದನ್ನು ಈ ವರ್ಷ ಕೆರೆದವರು ಯಾರು ಎಂದು ಕೇಳಿದರೆ ತಾಯಿಯವರು ಕೆಳಮನೆಯ ಕಡೆಗೆ ಕೈ ತೋರಿಸಿದರು. ನಮ್ಮ ಆ ಗೆಳತಿಗೆ ಈಗ ಮೊಮ್ಮಕ್ಕಳಿದ್ದಾರೆ. ಗಂಡ ತೀರಿಕೊಂಡ ಮೇಲೆ ತವರಿನಲ್ಲೇ ಇದ್ದಾಳೆ. ಅವಳು ಸೆರಗಿಗೆ ಕೈ ಒರೆಸುತ್ತ ಬಂದು, ನೀವು ಎಷ್ಟು ಮಕ್ಕಳಿಗೆ ಕಲಿಸುತ್ತೀರಿ ಎಂದು ಕೇಳಿದಳು. ನಾವು ಸಂಖ್ಯೆ ಹೇಳಿದೆವು. ಬೇರೆ ಮಾತು ಬರಲಿಲ್ಲ. ಅವಳ ಮೊಮ್ಮಗಳ ಗಣಿತದ ಪುಸ್ತಕ ತರಿಸಿಕೊಂಡು ಸಂಜೆಯವರೆಗೆ ಅಲ್ಲೇ ಕುಳಿತೆವು.

ಈಗ ಮಳೆಗಾಲದಲ್ಲಿ ದಿನಕ್ಕೊಮ್ಮೆ ಫೋನು ತಪ್ಪುವುದಿಲ್ಲ. ತಾಯಿಯವರು ಮೊದಲು ಕೇಳುವುದು ಹಿರಣ್ಯಕೇಶಿ ಎಷ್ಟು ಏರಿದೆ ಎಂದು. ಸೇತುವೆಯ ಕಡೆಗೆ ಹೋಗಿ ಬಂದವರಿಂದ ತಿಳಿದು ಹೇಳುತ್ತೇವೆ. ಆಮೇಲೆ ನಮ್ಮ ಸರದಿ. ಒರತೆಯ ನೀರು ಹೇಗಿದೆ ಎಂದು ಕೇಳುತ್ತೇವೆ. ತಡೆ, ನೋಡಿ ಬರುತ್ತೇನೆ ಎಂದು ಫೋನನ್ನು ಹಾಗೆಯೇ ಇಟ್ಟು ಅವರು ಕೋಲೂರಿಕೊಂಡು ಅಡುಗೆಮನೆಗೆ ನಡೆಯುವ ಸದ್ದು ಕೇಳಿಸುತ್ತದೆ. ಇಂದು ಬೆಳಿಗ್ಗೆ ಸಭೆಗೆ ಹೊರಡುವ ಮೊದಲೂ ಕೇಳಿದ್ದೆವು. ತಿಳಿಯಾಗಿದೆ ಎಂದರು.