ಕೊಳ್ಳದ ಟಿಕೆಟ್ಟು, ಬಾರದ ಕೋಟಿ

ಇವತ್ತು ರಾಜಕಾರಣವನ್ನ ಸ್ವಲ್ಪ ಪಕ್ಕಕ್ಕಿಡೋಣ. ಅದು ಎಲ್ಲಿಗೂ ಓಡಿಹೋಗಲ್ಲ, ನಾಳೆಯೂ ಇಲ್ಲೇ ಇರುತ್ತೆ. ಇವತ್ತು ನಿಮ್ಮ ಇ-ಮೇಲ್‌ಗೆ ಬಂದು ಕೂತಿರುವ ಐದು ಲಕ್ಷ ಪೌಂಡಿನ ಬಗ್ಗೆ ಮಾತಾಡೋಣ.

"ಅಭಿನಂದನೆಗಳು, ನಿಮ್ಮ ಇ-ಮೇಲ್ ವಿಳಾಸಕ್ಕೆ ಬಹುಮಾನ ಬಂದಿದೆ." ಈ ಪತ್ರವನ್ನ ನೋಡದವರು ಕಡಿಮೆ. ಒಂದು ಕಾಲಕ್ಕೆ ಇದು ಬ್ರಿಟನ್ನಿನ ನ್ಯಾಷನಲ್ ಲಾಟರಿ ಹೆಸರಲ್ಲಿ ಬರುತ್ತಿತ್ತು. ಆಮೇಲೆ ಕೋಕಾ-ಕೋಲಾ ಹೆಸರಲ್ಲಿ ಬಂತು, ಮೈಕ್ರೋಸಾಫ್ಟ್ ಹೆಸರಲ್ಲೂ ಬಂತು. ಮುಂದೆ ಅದೇ ಪತ್ರ ವಾಟ್ಸ್ಆ್ಯಪ್‌ಗೆ ಇಳಿದು ಕೌನ್ ಬನೇಗಾ ಕರೋಡ್‌ಪತಿ ಆಯ್ತು. ಅಮಿತಾಭ್ ಬಚ್ಚನ್ ಫೋಟೊ, ಕೆಳಗೆ 25 ಲಕ್ಷ ರೂಪಾಯಿ! ಹೆಸರು ಬಳಸಿಕೊಂಡಿದ್ದಾರೆ ಅಷ್ಟೇ. ಆ ಕಂಪನಿಗಳಿಗಾಗಲಿ, ಆ ಕಾರ್ಯಕ್ರಮಕ್ಕಾಗಲಿ, ಬಚ್ಚನ್ ಅವರಿಗಾಗಲಿ ಇದಕ್ಕೂ ಸಂಬಂಧವಿಲ್ಲ.

ಇಂಥ ಮೋಸದ ಸುದ್ದಿ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತೆ. "ದುರಾಸೆಗೆ ಬಿದ್ದ, ಅನುಭವಿಸಲಿ ಬಿಡ್ರೀ." ನಾನು ಇದನ್ನ ಒಪ್ಪಲ್ಲ. ಯಾಕೆ ಅಂತ ಹೇಳ್ತೀನಿ.

ಈ ಪತ್ರಗಳ ಇಂಗ್ಲಿಷ್ ನೋಡಿದೀರಾ? ತಪ್ಪುಗಳ ಸಂತೆ. ಕಾಗುಣಿತ ಸರಿಯಿಲ್ಲ, ವಾಕ್ಯಕ್ಕೆ ತಲೆಬುಡವಿಲ್ಲ. ಮೋಸ ಮಾಡೋರು ಇಷ್ಟು ದಡ್ಡರೇ ಅಂತ ನಾವು ನಗ್ತೀವಿ. 2012ರಲ್ಲಿ ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ಕಾರ್ಮಾಕ್ ಹರ್ಲಿ ಎಂಬವರು ಇದರ ಬಗ್ಗೆ ಒಂದು ಪ್ರಬಂಧ ಬರೆದರು. ಅವರ ವಾದ ಇಷ್ಟು. ಪತ್ರವನ್ನ ಲಕ್ಷಾಂತರ ಜನಕ್ಕೆ ಕಳಿಸಲು ಖರ್ಚೇ ಇಲ್ಲ. ಖರ್ಚಿರುವುದು ಉತ್ತರ ಬರೆದವನ ಜೊತೆ ವಾರಗಟ್ಟಲೆ ಮಾತಾಡುವುದಕ್ಕೆ. ಅನುಮಾನ ಪಡುವವನು ಮೊದಲ ಸಾಲಿನಲ್ಲೇ ನಕ್ಕು ಪತ್ರ ಅಳಿಸಿಬಿಟ್ಟರೆ ಮೋಸಗಾರನಿಗೇ ಲಾಭ. ಅಂದರೆ ಆ ಪತ್ರ ನಗುವ ನಿಮಗಾಗಿ ಬರೆದದ್ದೇ ಅಲ್ಲ ಸ್ವಾಮಿ. ಸಾಲದ ಕಂತು ಕಟ್ಟಲಾಗದೆ ರಾತ್ರಿ ನಿದ್ದೆ ಬಾರದವರಿಗೆ, ಮಗಳ ಮದುವೆ ಗೊತ್ತು ಮಾಡಿ ಕೈ ಖಾಲಿಯಾದವರಿಗೆ, ಇಂಟರ್ನೆಟ್ಟಿಗೆ ಹೊಸದಾಗಿ ಬಂದ ನಿವೃತ್ತ ಮೇಷ್ಟ್ರಿಗೆ ಹಾಸಿದ ಬಲೆ ಅದು. ಅವರು ಆಸೆಪಟ್ಟಿರಬಹುದು. ಕಷ್ಟದಲ್ಲಿರುವವರು ಆಸೆಪಡುವುದನ್ನ ದುರಾಸೆ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ.

ಸರಿ, ಅವರು ಉತ್ತರ ಬರೆದರು ಅಂತಿಟ್ಟುಕೊಳ್ಳಿ. ಎದುರಿಗೆ ಒಬ್ಬ 'ಕ್ಲೇಮ್ ಏಜೆಂಟ್' ಹುಟ್ಟಿಕೊಳ್ತಾನೆ. ಕೆಲವು ಸಲ ಬ್ಯಾರಿಸ್ಟರ್ ಕೂಡ! ಪಾಸ್‌ಪೋರ್ಟ್ ಪ್ರತಿ, ಸೀಲು ಹಾಕಿದ ಪ್ರಮಾಣಪತ್ರ ಎಲ್ಲಾ ಕಳಿಸ್ತಾನೆ. ಮೊದಲು ಕೇಳುವುದು ಸಣ್ಣ ಮೊತ್ತ, ನೋಂದಣಿ ಶುಲ್ಕ ಅಂತ ಐದೋ ಹತ್ತೋ ಸಾವಿರ. ಅದು ಕಟ್ಟಿದ ಮೇಲೆ ವಿಮೆ. ಆಮೇಲೆ ಆದಾಯ ತೆರಿಗೆ. ಆಮೇಲೆ ಪೌಂಡನ್ನ ರೂಪಾಯಿ ಮಾಡೋಕೆ ರಿಸರ್ವ್ ಬ್ಯಾಂಕಿನ ಶುಲ್ಕ. ಇದು ಭಯೋತ್ಪಾದಕರ ಹಣ ಅಲ್ಲ ಅನ್ನುವುದಕ್ಕೂ ಒಂದು ಸರ್ಟಿಫಿಕೇಟ್, ಅದಕ್ಕೂ ದುಡ್ಡು. ಎರಡನೇ ಕಂತಿನಿಂದಾಚೆಗೆ ಕೋಟಿಯ ಆಸೆ ಹಿಂದೆ ಸರಿದಿರುತ್ತೆ ಅಂತ ನನ್ನ ಲೆಕ್ಕ. ಈಗ ಕಟ್ಟದಿದ್ದರೆ ಹಿಂದೆ ಕಟ್ಟಿದ್ದೂ ಹೋಗುತ್ತಲ್ಲ ಅನ್ನುವ ಭಯವೇ ಮುಂದಿನ ಕಂತು ಕಟ್ಟಿಸೋದು.

ಇದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ವಿದ್ಯೆಯೂ ಅಲ್ಲ. ಹತ್ತೊಂಬತ್ತನೇ ಶತಮಾನದಲ್ಲೇ ಯುರೋಪಿನಲ್ಲಿ 'ಸ್ಪೇನಿನ ಕೈದಿ'ಯ ಕಾಗದಗಳು ಓಡಾಡುತ್ತಿದ್ದವು. ಶ್ರೀಮಂತನೊಬ್ಬ ಸ್ಪೇನಿನ ಜೈಲಿನಲ್ಲಿದ್ದಾನೆ, ಬಿಡಿಸಲು ಸ್ವಲ್ಪ ಹಣ ಕೊಡಿ, ಬಚ್ಚಿಟ್ಟ ನಿಧಿಯಲ್ಲಿ ನಿಮಗೂ ಪಾಲು ಅನ್ನುವ ಕಥೆ. ಇವತ್ತು ಇಂಥ ಮೋಸಕ್ಕೆ '419' ಅಂತ ಹೆಸರು. ಅದು ನೈಜೀರಿಯಾದ ದಂಡಸಂಹಿತೆಯಲ್ಲಿ ವಂಚನೆಯ ಸೆಕ್ಷನ್ನು, 2024ರ ತನಕ ನಮ್ಮ ದಂಡಸಂಹಿತೆಯಲ್ಲಿ 420 ಇದ್ದ ಹಾಗೆ. ಹಾಗಂತ ಎಲ್ಲಾ ನೈಜೀರಿಯಾದವರೇ ಮಾಡ್ತಾರೆ ಅಂತಲ್ಲ, ನಮ್ಮ ದೇಶದೊಳಗೇ ಕೂತು ಇದೇ ಕಸುಬು ಮಾಡುವವರೂ ಇದ್ದಾರೆ.

ನಿಜವಾದ ಲಾಟರಿ ಹೇಗಿರುತ್ತೆ ಅಂತ ಗೊತ್ತಿದ್ದರೆ ಸುಳ್ಳನ್ನ ಹಿಡಿಯೋದು ಸುಲಭ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಷೇಧವಾಯ್ತು. ಒಂದಂಕಿ ಲಾಟರಿ ಎಷ್ಟು ಮನೆ ತೊಳೆಯಿತು ಅನ್ನೋದು ಹಳಬರಿಗೆ ನೆನಪಿರುತ್ತೆ. ಪಕ್ಕದ ಕೇರಳದಲ್ಲಿ 1967ರಿಂದ ಸರ್ಕಾರವೇ ಲಾಟರಿ ನಡೆಸುತ್ತಿದೆ. 2024ರ ಓಣಂ ಬಂಪರ್‌ನ 25 ಕೋಟಿ ರೂಪಾಯಿ ಬಂದದ್ದು ನಮ್ಮ ಕರ್ನಾಟಕದವರೊಬ್ಬರಿಗೆ. ಅವರ ಕೈಯಲ್ಲಿ ವಯನಾಡಿನಲ್ಲಿ ಕೊಂಡ ಟಿಕೆಟ್ ಇತ್ತು. ಅಲ್ಲಾ, ಟಿಕೆಟೇ ಕೊಳ್ಳದ ನಿಮಗೆ ಲಂಡನ್ನಿನಿಂದ ಬಹುಮಾನ ಹೇಗ್ರೀ ಬರುತ್ತೆ? ಅವರು ಹೇಳ್ತಾರೆ, ಕಂಪ್ಯೂಟರು ನಿಮ್ಮ ಇ-ಮೇಲ್ ವಿಳಾಸವನ್ನೇ ಚೀಟಿ ಎತ್ತಿತು ಅಂತ. ಹಾಗೆ ಚೀಟಿ ಎತ್ತುವ ಲಾಟರಿ ಭೂಮಿ ಮೇಲಿಲ್ಲ.

ತೆರಿಗೆಯ ವಿಷಯವೂ ಅಷ್ಟೇ. ಹತ್ತು ಸಾವಿರ ಮೀರಿದ ಲಾಟರಿ ಬಹುಮಾನಕ್ಕೆ ನಮ್ಮಲ್ಲಿ ಶೇಕಡಾ 30ರ ತೆರಿಗೆ ಇದೆ. ಅದನ್ನ ಹಣ ಕೊಡುವವರೇ ಮುರಿದುಕೊಂಡು, ಉಳಿದದ್ದನ್ನ ಕೈಗೆ ಕೊಡ್ತಾರೆ. ಗೆದ್ದವನು ಮುಂಗಡವಾಗಿ ಯಾರದೋ ಖಾತೆಗೆ ತುಂಬುವ ಪದ್ಧತಿ ಇಲ್ಲ. ಇನ್ನು ರಿಸರ್ವ್ ಬ್ಯಾಂಕ್. ಅದು ನಿಮ್ಮ ನಮ್ಮ ಹೆಸರಲ್ಲಿ ಖಾತೆ ಇಟ್ಟುಕೊಳ್ಳೋದಿಲ್ಲ, ಬಹುಮಾನ ಹಂಚೋದಿಲ್ಲ, ಇ-ಮೇಲ್ ಬರೆದು ಶುಲ್ಕ ಕೇಳೋದಿಲ್ಲ. ಹೀಗಂತ ಅದೇ ಎಷ್ಟೋ ಸಲ ಪ್ರಕಟಣೆ ಕೊಟ್ಟಿದೆ. ಇದರ ಮೇಲೆ, ಲಾಟರಿಗೆಂದು ವಿದೇಶಕ್ಕೆ ಹಣ ಕಳಿಸುವುದೇ ನಮ್ಮ ವಿದೇಶಿ ವಿನಿಮಯ ಕಾನೂನಿನಲ್ಲಿ ನಿಷಿದ್ಧ.

ಪತ್ರ ಕಳಿಸಿದವರ ವಿಳಾಸವನ್ನೂ ಒಮ್ಮೆ ನೋಡಿ. ಮೇಲೆ ದೊಡ್ಡ ಕಂಪನಿಯ ಹೆಸರು, ಒಳಗೆ ಯಾರು ಬೇಕಾದರೂ ಪುಕ್ಕಟೆ ತೆರೆಯಬಹುದಾದ ಜಿಮೇಲ್ ಖಾತೆ. ಹಣ ಹಾಕಿ ಅಂತ ಕೊಡೋದು ಯಾವುದೋ ಊರಿನ ಯಾರದೋ ಉಳಿತಾಯ ಖಾತೆ. ಆ ಖಾತೆದಾರ ಎಷ್ಟೋ ಸಲ ಎರಡು ಮೂರು ಸಾವಿರಕ್ಕೆ ಪಾಸ್‌ಬುಕ್, ಎಟಿಎಂ ಕಾರ್ಡ್ ಕೊಟ್ಟ ಕಾಲೇಜು ಹುಡುಗನಾಗಿರ್ತಾನೆ. ಪೊಲೀಸರು ಮೊದಲು ಬರೋದು ಅವನ ಮನೆಗೇ. ತಂದೆ ತಾಯಂದಿರು ಇದನ್ನ ಮಕ್ಕಳ ಕಿವಿಗೆ ಹಾಕಿಡಿ.

ಆ ಪತ್ರದಲ್ಲಿ ನನಗೆ ಅತಿ ಕ್ರೂರ ಅನಿಸುವುದು ಒಂದು ಸಾಲು. "ಭದ್ರತೆಯ ಕಾರಣದಿಂದ ಈ ವಿಷಯ ಯಾರಿಗೂ ಹೇಳಬೇಡಿ." ಹೆಂಡತಿಗೆ ಹೇಳಿದರೆ ಹೆಂಡತಿ ತಡೀತಾಳೆ, ಮಗನಿಗೆ ಹೇಳಿದರೆ ಮಗ ತಡೀತಾನೆ. ಅದು ಅವರಿಗೆ ಗೊತ್ತು. ಹಣ ಹೋದ ಮೇಲೂ ಬಾಯಿ ಮುಚ್ಚಿಸುವ ಕೆಲಸವನ್ನ ನಾವು ಮಾಡ್ತೀವಿ. ಮನೆಯವರು ಬೈತಾರೆ, ನೆಂಟರು ನಗ್ತಾರೆ, ಠಾಣೆಯಲ್ಲಿ "ಓದಿದವರಾಗಿ ನೀವೇ ಹೀಗಾ ಸಾರ್" ಅಂತಾರೆ. ಅದಕ್ಕೆ ಹೆದರಿ ಅವರು ಇನ್ನೊಂದು ಸಾಲ ತಂದು ಇನ್ನೊಂದು ಕಂತು ಕಟ್ತಾರೆ. ದುರಾಸೆ ಅನ್ನುವ ಆ ಮಾತಿಗೆ ನನ್ನ ತಕರಾರು ಇರೋದು ಇಲ್ಲೇ. ಅದು ಮೋಸಗಾರನಿಗೆ ಒಂದು ಚೂರೂ ತಾಗಲ್ಲ, ಮೋಸಹೋದವರನ್ನ ಇನ್ನಷ್ಟು ಒಂಟಿ ಮಾಡುತ್ತೆ.

ನಿಮ್ಮ ಅಪ್ಪನೋ, ಪಕ್ಕದ ಮನೆಯವರೋ ಹೀಗೆ ದುಡ್ಡು ಕಟ್ಟಿದ್ದಾರೆ ಅಂತ ಗೊತ್ತಾದರೆ ಬೈಗುಳವನ್ನ ನಾಳೆಗಿಡಿ. ಮೊದಲು 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಆ ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮೊದಲು ತಡೆಯುವ ಅವಕಾಶ ಇರೋದು ಆರಂಭದ ಗಂಟೆಗಳಲ್ಲಿ ಮಾತ್ರ. ಪತ್ರಗಳನ್ನ ಅಳಿಸಬೇಡಿ, ಹಣ ಕಳಿಸಿದ ವಹಿವಾಟಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಅವೇ ಸಾಕ್ಷಿ.

ಇನ್ನೊಂದು ಮಾತು. ಕೆಲವು ತಿಂಗಳಾದ ಮೇಲೆ ಒಂದು ಫೋನ್ ಬರಬಹುದು. "ಸೈಬರ್ ಕ್ರೈಮ್‌ನಿಂದ ಮಾತಾಡ್ತಿದ್ದೀನಿ, ನಿಮಗೆ ಮೋಸ ಮಾಡಿದವನು ಸಿಕ್ಕಿದ್ದಾನೆ, ನಿಮ್ಮ ಹಣ ವಾಪಸ್ ಬಂದಿದೆ, ಬಿಡಿಸಿಕೊಳ್ಳೋಕೆ ಸಣ್ಣದೊಂದು ಶುಲ್ಕ ಇದೆ" ಅಂತ. ಒಮ್ಮೆ ಕೊಟ್ಟವರ ಹೆಸರು, ನಂಬರು ಆ ಜನರ ಪಟ್ಟಿಯಲ್ಲಿ ಉಳಿದಿರುತ್ತೆ. ಆ ಫೋನ್ ಮಾಡಿದವನೂ ಅದೇ ಪಟ್ಟಿಯಿಂದಲೇ ನಿಮ್ಮ ನಂಬರ್ ತೆಗೆದವನು.